ಬುಧವಾರದ ಬಾಣಲೆ

ಐದೂ ಮುಕ್ಕಾಲು. ಶಾಲೆಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬಂದರೆ
ಬಾಗಿಲಲ್ಲಿ ಮತ್ತೆ ಆ ನೀಲಿ ಐಸುಪೆಟ್ಟಿಗೆ.
ಚೀಟಿಯಿಲ್ಲ. ಬೇಕಾಗಿಯೂ ಇಲ್ಲ.
ಪೋರ್ಟ್ ಇಸಬೆಲ್‌ನ ದಕ್ಕೆಯಿಂದ ಬ್ರೌನ್ಸ್‌ವಿಲ್‌ವರೆಗೆ
ಹಳೆಯ ಪಿಕಪ್ಪು ಓಡಿಸಿಕೊಂಡು ಬಂದು
ಬೆಲ್ಲೊತ್ತದೆ ಇಟ್ಟು ಹೋಗುವವಳು ಒಬ್ಬಳೇ:
ಎವುಲಾಲಿಯಾ, ನನ್ನ ಅತ್ತೆ.
ಅಂದರೆ, ಅತ್ತೆಯಾಗಿದ್ದವಳು.

ಕೋರ್ಟು ನನ್ನನ್ನೂ ಅವಳ ಮಗನನ್ನೂ ಬಿಡಿಸಿ ಎರಡು ವರ್ಷ.
ಕಾಗದದಲ್ಲಿ ಮನೆ ಬರೆದರು, ಕಾರು ಬರೆದರು,
ಮಗಳ ಶನಿವಾರ ಭಾನುವಾರಗಳನ್ನೂ ಬರೆದರು.
ಸಿಗಡಿಯ ವಿಷಯ ಯಾರೂ ಬರೆಯಲಿಲ್ಲ.

ಮಾಂಸ ಬೆಳಗ್ಗೆಯೇ ನೆನೆಹಾಕಿದ್ದೆ,
ನಿಂಬೆ, ಬೆಳ್ಳುಳ್ಳಿ, ಕುಟ್ಟಿದ ಜೀರಿಗೆ.
ದನದ ವಪೆ ಅದು, ಪಕ್ಕೆಲುಬಿನ ಕೆಳಗೆ
ಬದುಕಿರುವಷ್ಟು ದಿನವೂ ಉಸಿರೆಳೆದು ಬಿಟ್ಟ ಸ್ನಾಯು,
ಅಂಗೈಯಗಲ, ಮೊಳದುದ್ದ,
ನಡುಪಟ್ಟಿಯ ಹಾಗೆ ಕಂಡದ್ದಕ್ಕೇ ಫಹೀಟಾ, ಪುಟ್ಟ ಪಟ್ಟಿ.
ಅಪ್ಪ ನಿಕಾನೋರ್ ಕುರ್ಚಿಯಿಂದಲೇ ಶುರುಮಾಡುತ್ತಾನೆ:
“ರಾಂಚಿನಲ್ಲಿ ದನ ಕಡಿದ ದಿನ ಒಡೆಯರಿಗೆ ಸೊಂಟ, ತೊಡೆ.
ನಮಗೆ ತಲೆ, ಕರುಳು, ಇದು. ಕೂಲಿಯ ಜೊತೆ ಎಸೆದುಬಿಡುತ್ತಿದ್ದರು.
ಈಗ ಪೌಂಡಿಗೆ ಎಷ್ಟು ಕೊಟ್ಟೆ?”
ನನಗೆ ಕಿವಿ ಕೇಳಿಸುವುದಿಲ್ಲ.

ಯರೆಲಿ ಸಿಂಕಿನ ಮುಂದೆ ಸ್ಟೂಲು ಹತ್ತಿ ಸಿಪ್ಪೆ ಬಿಡಿಸುತ್ತಾಳೆ.
“ಇದು ಅಪ್ಪನ ದೋಣಿಯದಾ?”
“ಸಮುದ್ರದ್ದು.”
ಬೆನ್ನಿನ ಕಪ್ಪು ದಾರ ಎಳೆದು ತೆಗೆದು
ಅವಳು ಇನ್ನೇನೂ ಕೇಳುವುದಿಲ್ಲ.

ಬೀಡಿನ ಬಾಣಲೆ ಹೊಗೆಯಾಡುವಷ್ಟು ಕಾಯಬೇಕು.
ಚುರ್ ಅಂತ ಮಾಂಸ ಬಿದ್ದದ್ದೇ
ಸೂರಿನ ಅಲಾರಮ್ಮಿಗೆ ಮೈಮೇಲೆ ಬರುತ್ತದೆ.
ಯರೆಲಿ ಕುರ್ಚಿ ಹತ್ತಿ ಟವೆಲು ಬೀಸುತ್ತಾಳೆ, ಅಪ್ಪ ಕಿಟಕಿಗೆ ಗುದ್ದುತ್ತಾನೆ,
ಪಕ್ಕದ ಮನೆಯ ನಾಯಿ ತನ್ನ ಪಾಲಿನದು ಬೊಗಳುತ್ತದೆ.
ಈ ಮಗ್ಗುಲಿಗೆ ಮೂರು ನಿಮಿಷ, ಆ ಮಗ್ಗುಲಿಗೆ ಮೂರು.
ಆಮೇಲೆ ಹಲಗೆಯ ಮೇಲೆ ಅದರ ಪಾಡಿಗೆ ಬಿಡಬೇಕು,
ದುಡಿದು ಬಂದವರನ್ನು ಬಿಡುವ ಹಾಗೆ.
ಕೊಯ್ಯುವುದು ಎಳೆಗೆ ಅಡ್ಡ.
ಎಳೆಯ ಜೊತೆಗೇ ಹೋದರೆ ಚಪ್ಪಲಿಯ ಬಾರು.

ಅದೇ ಜಿಡ್ಡಿನಲ್ಲಿ ಈರುಳ್ಳಿ, ದಪ್ಪ ಮೆಣಸಿನಕಾಯಿ,
ಅಂಚು ಕರಿಯಾಗುವ ತನಕ.
ಕೊನೆಗೆ ಸಿಗಡಿ.

ಮದುವೆಯ ದಿನ ಇದೇ ಜಗಳ.
ದನದ ಪಕ್ಕದಲ್ಲಿ ಕಡಲ ಹುಳ ಯಾಕೆ ಅಂದ ನಮ್ಮಪ್ಪ.
ಉಪ್ಪು ಕಾಣದ ನಾಲಿಗೆ ಅಂದಳು ಅವಳು.
ಹದಿಮೂರು ವರ್ಷ ಇಬ್ಬರಿಗೂ ಮಾತಿಲ್ಲ.
ಆದರೆ ಮೊದಲ ವರ್ಷ, ಒಲೆಯ ಮುಂದೆ ನನ್ನ ಮಣಿಕಟ್ಟು ಹಿಡಿದು
ಅವಳೇ ಹೇಳಿಕೊಟ್ಟದ್ದು:
ಬಾಗಿ ಅರ್ಧಚಂದ್ರವಾದರೆ ಬೆಂದಿತು,
ಸುತ್ತಿಕೊಂಡು ಸೊನ್ನೆಯಾದರೆ ಕೆಟ್ಟಿತು.
“ಈಗ. ಈಗಲೇ ತೆಗಿ.”
ಬಾಣಲೆಯಲ್ಲಿ ಅದನ್ನು ಕಲಿತೆ.
ಮಿಕ್ಕ ಕಡೆ ತಡವಾಯಿತು.

ತಟ್ಟೆಗಳು ಬಂದವು. ಉರಿಯ ಮೇಲೆ ಟೋರ್ಟಿಯಾ ಉಬ್ಬಿ ಇಳಿಯಿತು.
ಅಪ್ಪ ಮಾಂಸದ ಅಡಿಯಲ್ಲಿ ಸಿಗಡಿ ಬಚ್ಚಿಟ್ಟು ಮಡಚುತ್ತಾನೆ,
ನಾವು ನೋಡಿಲ್ಲ, ಎಂದಿನ ಹಾಗೆ.
ಮೊಣಕೈವರೆಗೆ ರಸ ಇಳಿದ ಯರೆಲಿಯ ನಗು.

ನೀಲಿ ಪೆಟ್ಟಿಗೆ ತೊಳೆದು ಬೋರಲು ಹಾಕಿದೆ.
ಶನಿವಾರ ಯರೆಲಿಯನ್ನು ಬಿಡಲು ಹೋದಾಗ ಕೊಟ್ಟರಾಯಿತು ಅಂದೆ.
ಅಪ್ಪ ಕೈ ಒರೆಸಿಕೊಂಡ.
“ಖಾಲಿ ಪಾತ್ರೆ ಯಾರಾದರೂ ವಾಪಸು ಕೊಡ್ತಾರಾ?”
ಎದ್ದ. ಬೆಳ್ಳಿಕಾಗದ ಹರಿದ. ಮೂರು ಟೋರ್ಟಿಯಾ,
ಹಲಗೆಯಲ್ಲಿ ಉಳಿದದ್ದರಲ್ಲಿ ಒಳ್ಳೆಯ ತುಂಡುಗಳು,
ಎಣಿಸಿ ಎಣಿಸಿ ಆರು ಸಿಗಡಿ.
“ಆ ಮನೆ ಇಪ್ಪತ್ತೈದು ಮೈಲಿ ಅಪ್ಪಾ. ಇವಳ ಗಣಿತ ಬಾಕಿ ಇದೆ.”
“ಗಾಡಿಯಲ್ಲಿ ಮಾಡ್ತಾಳೆ.”
ಮೊಳೆಯಿಂದ ಟೋಪಿ ಇಳಿಸಿಕೊಂಡ.
“ಇದು ತಣ್ಣಗಾದರೆ ಯಾತಕ್ಕೂ ಬಾರದು.”

ಬಾಣಲೆ ಇನ್ನೂ ಬಿಸಿಯಿದೆ. ಬಂದು ಉಜ್ಜಿದರಾಯಿತು.
ಕೀಲಿ ಹುಡುಕುತ್ತಿದ್ದೇನೆ.